ಹಾಡು ಅದೇ, ಮೌನ ಬೇರೆ

ನಮ್ಮ ಬೀದಿಯ ರೆಕಾರ್ಡ್ ಅಂಗಡಿಯ ಸೂಜಿಮಾವನಿಂದ ಒಂದು ಹಾಡಿನ ತಟ್ಟೆ ಕೊಳ್ಳುವುದಕ್ಕಿಂತ ಅವನ ಹಲ್ಲು ಕೀಳುವುದು ಸುಲಭ. ತಟ್ಟೆಯ ಹಿಂದಿನ ಪುರಾಣವನ್ನು ಪೂರ್ತಿ ಕೇಳದವರಿಗೆ ಅವನು ಮಾರುವವನೇ ಅಲ್ಲ. ಗ್ಯಾರೇಜಿನಲ್ಲಿ ಗಿಟಾರು ಬಾರಿಸಿ, ಒಂದೇ ಆಲ್ಬಂ ಹೊರತಂದು, ಜಗಳವಾಡಿ ಚದುರಿಹೋದ ರಾಕ್ ತಂಡಗಳೇ ಅವನ ಪಾಲಿಗೆ ಸೂರ್ಯವಂಶ, ಚಂದ್ರವಂಶ. ಯಾರು ಯಾರ ಆಂಪ್ಲಿಫೈಯರಿನ ಮೇಲೆ ಕಾಫಿ ಚೆಲ್ಲಿ ತಂಡ ಒಡೆಯಿತೆಂಬುದನ್ನು ಕುರುಕ್ಷೇತ್ರದಂತೆ ಬಣ್ಣಿಸುತ್ತಾನೆ. ಹಳೆಯ ಆಲ್ಬಂ ಮರುಮುದ್ರಣವಾದಾಗಲೆಲ್ಲ ತನಗೊಂದು ಪ್ರತಿ ಎತ್ತಿಡುತ್ತಾನೆ. "ಅದೇ ಹಾಡಲ್ವೇನ್ರೀ?" ಎಂದು ಗಲ್ಲಾದಲ್ಲಿ ಕೂತ ಹೆಂಡತಿ ಕೇಳಿದರೆ, "ಹಾಡು ಅದೇ ಕಣೇ, ಮೌನ ಬೇರೆ!" ಎನ್ನುತ್ತಾನೆ. ಇಂಥ ಶೂರ ಮೊನ್ನೆ ಮಾತ್ರ ಬೆವರುತ್ತಿದ್ದ. ಅವನ ಪ್ರಾಣದಂಥ ಆಲ್ಬಮೊಂದು, ಬೇಡದ ಸದ್ದನ್ನೆಲ್ಲ ತೊಳೆದುಕೊಂಡು, ಹೊಸದಾಗಿ ಬಂದಿತ್ತು. ಎರಡು ಹಾಡುಗಳ ನಡುವೆ ಇದ್ದ ಒಂದು ಸೀನೂ ತೊಳೆದುಹೋಯಿತೇನೋ ಎಂಬುದೇ ಅವನ ದಿಗಿಲು. ಸೂಜಿ ಇಳಿಸಿ ಕಣ್ಣು ಮುಚ್ಚಿದ. ಹಾಡು ಮುಗಿಯಿತು. ಯಾರೋ ಹುಡುಗಿ "ಆಕ್ಷೀ!" ಎಂದಳು. "ಉಳಿಸಿದ್ದಾರೆ ಪುಣ್ಯಾತ್ಮರು!" ಎಂದು ಮಾವ ಕುಣಿದೇಬಿಟ್ಟ. "ಯಾರದು ಮಾವ, ಆ ಸೀನು?" ಎಂದೆ. "ನಿಮ್ಮತ್ತೇದು ಕಣಯ್ಯ! ಡ್ರಮ್ಮು ಬಾರಿಸ್ತಿದ್ದವನ ತಂಗಿ. ಇದನ್ನ ಕೇಳಿ ಕೇಳಿ, ಇವಳ್ಯಾರಪ್ಪಾ ಅಂತ ಹುಡುಕ್ಕೊಂಡು ಹೋಗೇ ಮದುವೆಯಾಗಿದ್ದು ನಾನು." "ನನ್ನ ನೆಗಡೀನ ಊರಿಗೆಲ್ಲ ಕೇಳಿಸ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?" ಎಂದು ಅತ್ತೆ ಗದರಿದಳು, ಗದರುತ್ತಲೇ ಎದ್ದು ಬಂದು, ಸೂಜಿಯನ್ನೆತ್ತಿ ಸ್ವಲ್ಪ ಹಿಂದಕ್ಕಿಟ್ಟಳು.