ಮೂರನೇ ಸಾಲಿನಲ್ಲಿ ತಪ್ಪಿರಲಿಲ್ಲ

ಗೆಳೆಯರೇ, ಇವತ್ತು ನಮ್ಮ ಸಾಂತಾಕ್ರೂಜ್ ಕಂಪ್ಯೂಟರ್ ಕ್ಲಾಸಿನಲ್ಲಿ ಸುನಂದಾಳಿಗೆ ಅನ್ಯಾಯವಾಯಿತು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅವಳ ಪ್ಯಾಸ್ಕಲ್ ಪ್ರೋಗ್ರಾಂ ಓಡಲಿಲ್ಲ. "ಮೂರನೇ ಸಾಲಿನಲ್ಲಿ ತಪ್ಪು" ಎಂದಿತು ಮಷೀನು. ಫೇಲ್ ಎಂದು ಬರೆಯಲು ಶೆಟ್ಟಿ ಸರ್ ಪೆನ್ನು ತೆಗೆದರು.

ಅದೇ ಪ್ರೋಗ್ರಾಮನ್ನು ನಾನು ಪಕ್ಕದ ಮಷೀನಿಗೆ ಹಾಕಿದೆ. ಪ್ರೋಗ್ರಾಮನ್ನು ಓದಿ ಮಷೀನಿನ ಭಾಷೆಗೆ ತಿರುಗಿಸುವ ಕಂಪೈಲರ್ ಅದರಲ್ಲಿ ಬೇರೆ ಕಂಪನಿಯದು. ಅದು "ಮಾಡ್ಯೂಲ್ ಫೈಲ್ ಸಿಗಲಿಲ್ಲ" ಎಂದಿತು.

"ಸರ್, ಎರಡರಲ್ಲೂ ಇಲ್ಲದಿರುವುದು ಒಂದೇ ಫೈಲು, ಮೂರನೇ ಸಾಲು ಕೇಳುವ ಮಾಡ್ಯೂಲು. ಒಂದು ಮಷೀನು ನಿಜ ಹೇಳುತ್ತದೆ, ಇನ್ನೊಂದು ಕೆಳಗಿನವರ ಮೇಲೆ ತಪ್ಪು ಹೊರಿಸುತ್ತದೆ. ಇದು ಶೋಷಣೆ."

"ನಿನ್ನ ಭಾಷಣ ಚೌಪಾಟಿಯ ಸಭೆಯಲ್ಲಿ ಮಾಡು ಮಾರಾಯ. ಇದು ಪರೀಕ್ಷೆ."

ಸುನಂದಾ ಕುರ್ಚಿ ಎಳೆದುಕೊಂಡಳು. ಕೂತು ನಾಲ್ಕು ಸಾಲಿನ ಬ್ಯಾಚ್ ಫೈಲ್ ಬರೆದಳು. ಕಂಪೈಲರ್ ಶುರುವಾಗುವ ಮೊದಲೇ ಅದು ಮಾಡ್ಯೂಲನ್ನು ಹುಡುಕುತ್ತದೆ, ಸಿಗದಿದ್ದರೆ ಯಾವ ಮಷೀನಿನಲ್ಲೂ ಒಂದೇ ಮಾತು ಹೇಳುತ್ತದೆ.

ಅದನ್ನು ಎರಡೂ ಮಷೀನಿಗೆ ಹಾಕಿ ಓಡಿಸಿದಳು. ಎರಡೂ ಪರದೆಗಳ ಮೇಲೆ ಒಂದೇ ಮಾತು ಬಂತು: "ಮಾಡ್ಯೂಲ್ ಫ್ಲಾಪಿ ಹಾಕಿಲ್ಲ. ಸರ್ ಅವರನ್ನು ಕೇಳಿ."

ಇಡೀ ಕ್ಲಾಸು ಸರ್ ಕಡೆ ತಿರುಗಿತು. ಫ್ಲಾಪಿ ಕಳುವಾದೀತೆಂದು ಅದನ್ನು ಸದಾ ಶರ್ಟಿನ ಜೇಬಿನಲ್ಲೇ ಇಟ್ಟುಕೊಳ್ಳುವವರು ಅವರು. ಜೇಬು ಮುಟ್ಟಿ ನೋಡಿಕೊಂಡರು. ಲೋಕಲ್ ರೈಲಿನ ಪಾಸಿನ ಹಿಂದೆ ಅದು ಬೆಚ್ಚಗೆ ಕೂತಿತ್ತು. ಅವರೇ ನಕ್ಕುಬಿಟ್ಟರು. ಫ್ಲಾಪಿ ಹಾಕಿದೊಡನೆ ಪ್ರೋಗ್ರಾಂ ಓಡಿತು, ಸುನಂದಾಳಿಗೆ ಪೂರ್ತಿ ಮಾರ್ಕು ಕೊಟ್ಟರು.

ಇದೇ ಅನ್ಯಾಯದ ಮೇಲೆ ನಾನು ಬರೆಯತೊಡಗಿದ್ದ ಕರಪತ್ರ ಆಗಲೇ ಮೂರು ಪುಟ ದಾಟಿತ್ತು. ಅವಳಿಗೆ ನಾಲ್ಕು ಸಾಲು ಸಾಕಾಯಿತು.

ಉಳಿದ ಆರು ಮಷೀನುಗಳಿಗೂ ಅವಳ ಬ್ಯಾಚ್ ಫೈಲನ್ನು ಹಾಕಬೇಕು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕ್ಲಾಸಿನ ಹೊರಗೆ ಚಪ್ಪಲಿ ಬಿಟ್ಟು ಬನ್ನಿ. ಸರ್ ಕೂಡ ಬರುತ್ತಾರೆ, ಮೊದಲು ಅವರ ಜೇಬು ನೋಡೋಣ.