ಬ್ರೇಕ್ ಬಿಟ್ಟವರು ಯಾರು?

ಕೋವಿಡ್ ಕಳೆದ ಮರುವರ್ಷ ನಾನು ಚಿತ್ರದುರ್ಗದ ಬಳಿ ಒಂದು ಗಾಳಿವಿದ್ಯುತ್ ಘಟಕದಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುವ ಹಿರಿಯ ಎಂಜಿನಿಯರ್ ಆಗಿದ್ದೆ. ಆಷಾಢದ ಗಾಳಿ ಏಳುವ ಮುಂಚೆ ಗುಡ್ಡದ ಮೇಲಿನ ಯಂತ್ರಗಳಿಗೆಲ್ಲ ಗ್ರೀಸ್ ಹಾಕಿ ಮುಗಿಸಬೇಕು. ಆ ಅವಸರದ ದಿನಗಳಲ್ಲೇ ಈ ಅಪಘಾತವಾಯಿತು.

ನಮ್ಮ ಟೆಕ್ನಿಷಿಯನ್, ತುರುವನೂರಿನ ತಿಪ್ಪೇಶಿ, ಗೋಪುರದ ಮೇಲೆ ರೆಕ್ಕೆಗಳು ತಿರುಗದಂತೆ ಲಾಕ್ ಪಿನ್ ಕೂರಿಸುತ್ತಿದ್ದಾಗ ಬ್ರೇಕ್ ಬಿಟ್ಟುಕೊಂಡಿತು. ಎರಡು ಬೆರಳು ಜಜ್ಜಿಹೋದವು. ಕೆಳಗೆ ಕಂಟ್ರೋಲ್ ರೂಮಿನಲ್ಲಿದ್ದವಳು ಹೊಳಲ್ಕೆರೆಯ ಮಂಜುಳಾ. ಯಂತ್ರಗಳನ್ನು ನಡೆಸುವ ಪ್ರೋಗ್ರಾಮಿನ ದಾಖಲೆಯಾದ ಲಾಗ್ ಫೈಲಿನಲ್ಲಿ ಒಂದೇ ಸಾಲಿತ್ತು: ಬ್ರೇಕ್ ಬಿಡುಗಡೆ, ಆಪರೇಟರ್ ಮಂಜುಳಾ. ಮ್ಯಾನೇಜರ್‌ಗೆ ಅಷ್ಟು ಸಾಕಾಯಿತು. ಅವಳನ್ನು ಕೆಲಸದಿಂದ ತೆಗೆದು ಪೊಲೀಸರಿಗೂ ದೂರು ಕೊಡುವ ಮಾತಾಡತೊಡಗಿದರು.

ನಾನು ಕೇಳಿದಾಗ ಮಂಜುಳಾ ತಲೆ ಎತ್ತಲಿಲ್ಲ. "ಮೊದ್ಲು ಗುಂಡಿ ಒತ್ತಿಲ್ಲ ಅಂತಿದ್ದೆ ಸಾರ್. ಈಗ ನಂಗೇ ಅನುಮಾನ ಬಂದೈತೆ. ಕಂಪ್ಯೂಟರ್‌ನಾಗೆ ನನ್ ಹೆಸ್ರೇ ಐತಲ್ಲ, ನಾನೇ ಒತ್ತಿರ್ಬೇಕು."

ನನಗೆ ಸಿಟ್ಟು ಬಂತು, ಅವಳ ಮೇಲಲ್ಲ. ಪರದೆಯ ಮೇಲಿನ ಒಂದು ಸಾಲು ಒಬ್ಬಳ ನೆನಪನ್ನೇ ಸುಳ್ಳು ಮಾಡುವುದೆಂದರೇನು?

ಆ ಪ್ರೋಗ್ರಾಂ ಆಗಾಗ ಹ್ಯಾಂಗ್ ಆಗಿ ತಾನೇ ಮತ್ತೆ ಶುರುವಾಗುತ್ತಿತ್ತು. ಕಾರಣ ಹುಡುಕಲೆಂದು ನಾನು ಅದಕ್ಕೆ ಹೆಜ್ಜೆಹೆಜ್ಜೆಯ ಗುರುತು ಉಳಿಸುವ ಟ್ರೇಸ್ ಈವೆಂಟ್‌ಗಳನ್ನು ಸೇರಿಸಿದ್ದೆ. "ಇದನ್ನೆಲ್ಲ ಯಾರ್ ಓದ್ತಾರ್ರಿ?" ಎಂದು ಇದೇ ಮ್ಯಾನೇಜರ್ ಆಗ ಗೇಲಿ ಮಾಡಿದ್ದರು. ಲಾಗ್ ಫೈಲನ್ನು ಪ್ರೋಗ್ರಾಂ ತಾನೇ ಬರೆದುಕೊಳ್ಳುತ್ತದೆ. ಟ್ರೇಸ್ ಹಾಗಲ್ಲ. ಪ್ರೋಗ್ರಾಂ ತನ್ನ ಪ್ರತಿ ಹೆಜ್ಜೆಯನ್ನೂ ಎಪಿಐ ಎಂಬ ಕರೆಯ ಮೂಲಕ ಆಪರೇಟಿಂಗ್ ಸಿಸ್ಟಮ್‌ಗೆ ತಿಳಿಸುತ್ತದೆ, ಅದನ್ನು ಬರೆದಿಡುವುದು ಆಪರೇಟಿಂಗ್ ಸಿಸ್ಟಮ್. ಪ್ರೋಗ್ರಾಂ ಕುಸಿದರೂ ಟ್ರೇಸ್ ಉಳಿಯುತ್ತದೆ. ಪ್ರತಿ ಈವೆಂಟಿಗೂ ಒಂದು ಪ್ರೋಸೆಸ್ ಐಡಿ ಅಂಟಿರುತ್ತದೆ. ಪ್ರೋಗ್ರಾಂ ಹೊಸದಾಗಿ ಶುರುವಾದರೆ ಆ ಸಂಖ್ಯೆಯೂ ಬದಲಾಗುತ್ತದೆ.

ಟ್ರೇಸ್ ತೆರೆದೆ. ಮಂಜುಳಾ ಬ್ರೇಕ್ ಹಾಕಿದ್ದು ಒಂದು ಐಡಿಯಲ್ಲಿ, ಬ್ರೇಕ್ ಬಿಟ್ಟಿದ್ದು ಇನ್ನೊಂದರಲ್ಲಿ. ನಡುವೆ ಪ್ರೋಗ್ರಾಂ ಕುಸಿದು ಎದ್ದಿತ್ತು. ಎದ್ದ ಕೂಡಲೇ, ಬೆಳಿಗ್ಗೆ ಯಂತ್ರ ಚಾಲೂ ಮಾಡಲು ಅವಳು ಕೊಟ್ಟಿದ್ದ, ಬ್ರೇಕ್ ಬಿಡುವ ಹಳೆಯ ಆದೇಶವನ್ನು ಅವಳ ಹೆಸರಿನ ಸಮೇತ ಮತ್ತೆ ಕಳಿಸಿತ್ತು. ಗುಂಡಿ ಇರುವ ಪರದೆ ಆಗಿನ್ನೂ ಮೂಡಿಯೇ ಇರಲಿಲ್ಲ. ಇಲ್ಲದ ಗುಂಡಿಯನ್ನು ಯಾರು ಒತ್ತುತ್ತಾರೆ?

ಮ್ಯಾನೇಜರ್ ಎರಡು ಸಲ ಓದಿದರು. "ಕಂಪ್ಲೇಂಟ್ ಬ್ಯಾಡ ಬಿಡ್ರಿ" ಎಂದಷ್ಟೇ ಹೇಳಿದರು. ಮಂಜುಳಾ ಮಾತ್ರ "ಹಂಗಾರೆ ನಾನು ಒತ್ತಿಲ್ಲ ಅಲ್ವಾ ಸಾರ್?" ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು.

ಅಂದೇ ನಾನೂ ಅವಳೂ ಆಸ್ಪತ್ರೆಗೆ ಹೋದೆವು. ಬ್ಯಾಂಡೇಜಿನ ಕೈಯನ್ನು ಎದೆಯ ಮೇಲಿಟ್ಟುಕೊಂಡಿದ್ದ ತಿಪ್ಪೇಶಿ ಅವಳ ಮಾತನ್ನು ಪೂರ್ತಿ ಕೇಳಲೂ ಇಲ್ಲ.

"ನೀನು ಒತ್ತಿಲ್ಲ ಅಂತ ನಂಗೆ ಮೇಲಿದ್ದಾಗ್ಲೇ ಗೊತ್ತಿತ್ತು ಕಣವ್ವ. ಪಿನ್ ಕೂತೈತಾ, ಕೂತೈತಾ ಅಂತ ನೀನೇ ವಾಕಿಟಾಕಿನಾಗೆ ಕೇಳ್ತಾನೇ ಇದ್ದೆ. ಅಂಥಾಕಿ ಬ್ರೇಕ್ ಬಿಡ್ತಾಳಾ? ನನ್ನನ್ನ ಯಾರೂ ಕೇಳ್ಲೇ ಇಲ್ಲ."

ಮಂಜುಳಾ ಅಲ್ಲೇ ಕುಳಿತು ಅತ್ತಳು.

ಅಲ್ಲಿಂದೀಚೆಗೆ ನನ್ನ ಕೈಗೆ ಬಂದ ಯಾವ ಪ್ರೋಗ್ರಾಮಿನಲ್ಲೂ ಯಂತ್ರ ತಾನೇ ಕೊಟ್ಟ ಆದೇಶಕ್ಕೆ ಮನುಷ್ಯರ ಹೆಸರು ಬೀಳಲು ಬಿಟ್ಟಿಲ್ಲ. ಅಪಘಾತವಾದರೆ ಟ್ರೇಸನ್ನು ಈಗಲೂ ತೆರೆಯುತ್ತೇನೆ. ಆದರೆ ಮೊದಲು ಗಾಯಗೊಂಡವರ ಹಾಸಿಗೆಯ ಪಕ್ಕ ಹೋಗಿ ಕೂರುತ್ತೇನೆ.