ಬಡಿದ್ರ ನಡೀತದ

ನಾನು ಓದಿದ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ ನಾನು ನಂಬಿದ್ದು ಲ್ಯಾಬಿನ ಅಟೆಂಡರನನ್ನು ಮಾತ್ರ. ವಡಗೇರಾದಿಂದ ಮೊದಲ ಬಸ್ಸಿಗೆ ಬಂದು, ಒಂದೊಂದು ಮಷೀನಿನ ಗುಂಡಿ ಒತ್ತಿ, ಕಿವಿಗೊಟ್ಟು ಕೇಳಿ, ಅದರ ನೆತ್ತಿಗೆ ಚೀಟಿ ಅಂಟಿಸುತ್ತಿದ್ದ. ಚೀಟಿಯಲ್ಲಿ ಮೂರೇ ಬಗೆ: ‘ನಡೀತದ’, ‘ಬಡಿದ್ರ ನಡೀತದ’, ‘ಸತ್ತದ’. ಯಾರಾದರೂ ನಕ್ಕರೆ, “ಸುಳ್ಳ್ಯಾಕ್ರಿ?” ಎನ್ನುತ್ತಿದ್ದ.

ತಪಾಸಣಾ ಸಮಿತಿ ಬರುವ ದಿನ ವಿಭಾಗದ ಮುಖ್ಯಸ್ಥರು ಚೀಟಿಗಳನ್ನೆಲ್ಲ ಕೀಳಿಸಿದರು. ಗೋಡೆಗೆ ನಮ್ಮ ಧ್ಯೇಯ, ಮೌಲ್ಯಗಳ ಹೊಸ ಫಲಕ ಬಂತು. ಮೊದಲ ಮೌಲ್ಯ ಸತ್ಯನಿಷ್ಠೆ. ಸತ್ತ ಮಷೀನುಗಳ ಮುಂದೆ ನಮ್ಮನ್ನು ಕೂರಿಸಿ, “ಸುಮ್ನ ಟೈಪ್ ಮಾಡ್ರಿ. ಅವರು ಬಾಗಲದಾಗ ನಿಂತು ನೋಡಿ ಹೋಗ್ತಾರ” ಎಂದರು. ಅಟೆಂಡರನ ಗುತ್ತಿಗೆ ಆ ತಿಂಗಳೇ ಮುಗಿಯುತ್ತಿತ್ತು. ಮುಂದುವರಿಸಲು ಮುಖ್ಯಸ್ಥರದೇ ಸಹಿ ಬೇಕಿತ್ತು.

ಆದರೆ ಸಮಿತಿಯ ಹಿರಿಯರೊಬ್ಬರು ಒಳಗೇ ಬಂದು, ನನ್ನ ಬೆನ್ನ ಹಿಂದೆ ನಿಂತು, ಅಟೆಂಡರನನ್ನು ಕೇಳಿದರು: “ಈ ವಿಭಾಗದ ಮೌಲ್ಯಗಳೇನಪ್ಪ?”

“ಅವು ಗ್ವಾಡಿ ಮ್ಯಾಲ ಅವ ರೀ. ಈ ಹುಡುಗ ಬಡಿಯಾಕತ್ತಿರೋ ಮಷೀನು ಮಾತ್ರ ಸತ್ತದರಿ. ಸುಳ್ಳ್ಯಾಕ್ರಿ?”

ಮುಖ್ಯಸ್ಥರು ಕೆಮ್ಮಿದರು. ನಾನು ಟೈಪ್ ಮಾಡುತ್ತಲೇ ಇದ್ದೆ.

ಪಕ್ಕದಲ್ಲಿ ಕೂತಿದ್ದ ಶಹಾಪುರದ ಗೆಳೆಯ ಇದನ್ನು ಒಪ್ಪುವುದಿಲ್ಲ. “ಆಂವ ಬಾಯೇ ಬಿಚ್ಚಲಿಲ್ಲಲೇ, ನೀನೇ ಕಥಿ ಕಟ್ಟೀದಿ” ಎನ್ನುತ್ತಾನೆ. ಇರಬಹುದು, ನನ್ನ ನೆನಪಿನ ಮೇಲೆ ನನಗೂ ಅಷ್ಟು ಭರವಸೆಯಿಲ್ಲ. ಆದರೆ ಮರುವಾರ ಅಟೆಂಡರನನ್ನು ಲ್ಯಾಬಿನಿಂದ ತೆಗೆದು ಗೇಟು ಕಾಯಲು ಹಾಕಿದ್ದು ನಿಜ. ಮಾರನೆಯ ಬೆಳಿಗ್ಗೆಯೇ ಗೇಟಿನ ತುಕ್ಕು ಹಿಡಿದ ಚಿಲಕದ ಮೇಲೆ ಚೀಟಿ ಇತ್ತು: ‘ಬಡಿದ್ರ ನಡೀತದ’.